ಮನೆಯೊಳಗಿನ ಆರ್ಕಿಡ್‌ಗೆ ಹಿಟ್ಟು ತಿಗಣೆ, ಶಲ್ಕ ಕೀಟ, ನುಸಿ: ನಾನು ಅನುಸರಿಸುವ ಕ್ರಮ

ಫೆಲನಾಪ್ಸಿಸ್ ಎಂಬ ಬಗೆಯ ಆರ್ಕಿಡ್ ಗಿಡದ ಎಲೆ ಕೂಡುವ ಸಂದಿಯಲ್ಲಿ ಹತ್ತಿಯ ಎಳೆಯಂಥದ್ದು ಅಂಟಿಕೊಂಡಿದ್ದರೆ ಬೆರಳಲ್ಲಿ ಒರೆಸಿ ಸುಮ್ಮನಾಗಬೇಡಿ. ಅದು ಹಿಟ್ಟು ತಿಗಣೆ. ಒಂದು ಕಣ್ಣಿಗೆ ಬಿದ್ದಿದೆ ಎಂದರೆ ಒಣಗಿದ ಕೆಳ ಎಲೆಯ ಬುಡದಲ್ಲಿ, ಹೂದಂಡನ್ನು ಕಡ್ಡಿಗೆ ಕಟ್ಟಿದ ಕ್ಲಿಪ್ಪಿನೊಳಗೆ, ಕುಂಡದ ಅಂಚಿನ ಕೆಳಗೆ, ಬೇರಿನ ಮೇಲೆ ಕೂಡ ಇನ್ನಷ್ಟು ಇರಬಹುದು. ಕೀಟ ಮತ್ತೆ ಮತ್ತೆ ಬಂದಾಗ ಎಲ್ಲರೂ ಇನ್ನೂ ಬಲವಾದ ಔಷಧಿ ಹುಡುಕುತ್ತಾರೆ. ನಾನು ನೋಡಿದ ಮಟ್ಟಿಗೆ ತಪ್ಪುವುದು ಬೇರೆ ಕಡೆ: ಔಷಧಿ ಕೀಟ ಅಡಗಿದ ಜಾಗಕ್ಕೆ ಮುಟ್ಟಿರುವುದಿಲ್ಲ, ಇಲ್ಲವೇ ಒಂದೆರಡು ಸಲ ಹೊಡೆದು ನಿಲ್ಲಿಸಿರುತ್ತೇವೆ.

ಮೊದಲು ಯಾವ ಕೀಟ ಎಂದು ಖಚಿತವಾಗಬೇಕು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಒಂದು ಸಣ್ಣ ಟಾರ್ಚ್ ಇದ್ದರೆ ಸಾಕು. ಕಂದು ಬಣ್ಣದ, ಮೂರು ನಾಲ್ಕು ಮಿಲಿಮೀಟರಿನ ಉಬ್ಬಿದ ಚಿಪ್ಪು ಎಲೆಯ ನಡುನರದ ಉದ್ದಕ್ಕೂ ಕೂತಿದ್ದು, ಕೆಳಗಿನ ಎಲೆ ಅಂಟಂಟಾಗಿದ್ದರೆ ಅದು ಮೆದು ಶಲ್ಕ ಕೀಟ. ಕ್ಯಾಟ್ಲೆಯಾ ಎಂಬ ಇನ್ನೊಂದು ಬಗೆಯ ಆರ್ಕಿಡ್ ಗಿಡಗಳಲ್ಲಿ ಬರುವ ಬಾಯ್ಸ್‌ಡುವಲ್ ಶಲ್ಕ ಕೀಟ ಬೇರೆ ಜಾತಿ. ಹೆಣ್ಣು ಚಪ್ಪಟೆಯಾದ ಬಿಳಿಚು ಬಿಲ್ಲೆಯಂತಿರುತ್ತದೆ. ಗಂಡುಗಳು ಗುಂಪುಗೂಡಿ ಬಿಳಿ ನಾರಿನ ಹಾಗೆ ಕಾಣುವುದರಿಂದ ಹಿಟ್ಟು ತಿಗಣೆ ಎಂದು ಮೋಸ ಹೋಗುವವರು ಬಹಳ. ಸೂಜಿಮೊನೆಯಿಂದ ಮುಟ್ಟಿ ನೋಡಿ. ಹಿಟ್ಟು ತಿಗಣೆಗೆ ಮೆದು ಮೈ, ಕಾಲು ಇರುತ್ತವೆ, ಒತ್ತಿದರೆ ರಸ ಒಸರುತ್ತದೆ. ಈ ಶಲ್ಕದ ನಾರು ಒಣ ಪುಡಿಯಂತೆ ಉದುರುತ್ತದೆ, ಅದರಡಿಯ ಎಲೆ ಹಳದಿ ಕಲೆಗಟ್ಟಿರುತ್ತದೆ.

ಇಲ್ಲೊಂದು ಮಾತು ಹೇಳಲೇಬೇಕು. ಹೂದಂಡಿನ ಮೇಲೆ, ಮೊಗ್ಗಿನ ತೊಟ್ಟಿನಲ್ಲಿ ಸ್ವಚ್ಛವಾದ ಸಿಹಿ ಹನಿ ಕಂಡರೆ ಗಾಬರಿ ಬೇಡ. ಯಾವ ಕೀಟವೂ ಇಲ್ಲದೆ ಆರ್ಕಿಡ್ ತಾನಾಗಿಯೇ ಅದನ್ನು ಸುರಿಸುತ್ತದೆ. ಎಲೆಯ ಮೇಲೆ ಅಂಟು ಹರಡಿ, ಅದಕ್ಕೆ ಕಪ್ಪು ಬೂಸ್ಟು ಹಿಡಿದಿದ್ದರೆ, ಇರುವೆ ಸಾಲುಗಟ್ಟಿದ್ದರೆ ಮಾತ್ರ ಕೀಟಕ್ಕಾಗಿ ಹುಡುಕಿ. ಇರುವೆಯನ್ನೂ ತಡೆಯಬೇಕು, ಆ ಸಿಹಿಗಾಗಿ ಅದು ಕೀಟಗಳ ಕಾವಲಿಗೆ ನಿಲ್ಲುತ್ತದೆ.

ಹಿಟ್ಟು ತಿಗಣೆ, ಮೆದು ಶಲ್ಕಕ್ಕೆ ನಾನು ಮಾಡುವುದು ಹೀಗೆ. ಗಿಡವನ್ನು ಉಳಿದವುಗಳಿಂದ ದೂರ, ಎಲೆಗೆ ಎಲೆ ತಾಗದ ಕಡೆ ಇಡುತ್ತೇನೆ. ಕ್ಲಿಪ್ಪು, ಆಸರೆ ಕಡ್ಡಿ ಎಲ್ಲ ತೆಗೆದು ಬಿಸಿ ಸೋಪು ನೀರಿಗೆ ಹಾಕುತ್ತೇನೆ. ಕ್ಯಾಟ್ಲೆಯಾ ಆದರೆ ಕಾಂಡಕ್ಕೆ ಸುತ್ತಿಕೊಂಡ ಒಣ ಸಿಪ್ಪೆಯನ್ನು ಒಂದೊಂದಾಗಿ ಬಿಡಿಸಬೇಕು. ಕೀಟದ ಮನೆಯೇ ಅದು. ಸಿಪ್ಪೆ ಇದ್ದ ಹಾಗೇ ಔಷಧಿ ಹೊಡೆದರೆ ಹೊಡೆದಂತೆಯೇ ಅಲ್ಲ. ಸಿಪ್ಪೆ ಉದ್ದಕ್ಕೆ ಸೀಳಿ ಎರಡು ಬದಿಗೆ ಎಳೆದರೆ ಬುಡದ ಹಸಿ ಮೊಗ್ಗಿಗೆ ಪೆಟ್ಟಾಗುವುದಿಲ್ಲ. ಎಲೆ, ಹೂದಂಡು ಕತ್ತರಿಸಬೇಕಾದರೆ ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವ ಮುನ್ನ ಕತ್ತರಿಯ ಅಲಗನ್ನು ಬೆಂಕಿಯಲ್ಲಿ ಕಾಯಿಸಿ. ಆರ್ಕಿಡ್‌ಗೆ ರೋಗ ತರುವ ಸಿಂಬಿಡಿಯಂ ಮೊಸಾಯಿಕ್ ವೈರಸ್ ಗಿಡದ ರಸದ ಮೂಲಕ ಅಲಗಿನಲ್ಲೇ ದಾಟುತ್ತದೆ, ಅದಕ್ಕೆ ಮದ್ದಿಲ್ಲ.

ನಂತರ ಶೇ. 70ರ ಐಸೊಪ್ರೊಪೈಲ್ ಆಲ್ಕೋಹಾಲ್. ಹತ್ತಿ ಕಡ್ಡಿ ಅದ್ದಿ, ಕಂಡ ಪ್ರತಿ ಕೀಟದ ಮೇಲೂ ಒತ್ತಿ ಎತ್ತಬೇಕು. ಮೇಣದ ಹೊದಿಕೆ ಕರಗಿ ಬಿಳಿ ಹೋಗಿ ಕೀಟ ಕಂದಾಗುತ್ತದೆ. ಎಲೆ ಸಂದಿಗೆ ಕಡ್ಡಿ ಹೋಗದಿದ್ದರೆ ಸಣ್ಣ ಚಿತ್ರ ಬಿಡಿಸುವ ಬ್ರಷ್ ಒಳ್ಳೆಯದು. ಆಲ್ಕೋಹಾಲ್ ಆರುವ ತನಕ ಬಿಸಿಲು ತಾಗಬಾರದು, ಹತ್ತಿರ ಬೆಂಕಿ ಇರಬಾರದು, ಕಿಟಕಿ ತೆರೆದಿರಲಿ. ಕಾಯಿಸಿದ ಕತ್ತರಿಯ ಕೆಲಸವನ್ನು ಇದಕ್ಕಿಂತ ಮೊದಲೇ ಮುಗಿಸಿಕೊಳ್ಳಿ. ಹೂವಿಗೆ, ಎಳೆ ಬೇರಿನ ಹಸಿರು ತುದಿಗೆ ಹಚ್ಚುವುದು ಬೇಡ.

ಕೀಟ ಹೆಚ್ಚಿದ್ದರೆ ಒರೆಸಿದ ಮೇಲೆ ಸಿಂಪಡಣೆಯೂ ಬೇಕು. ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ 1ರಿಂದ 2 ಮಿ.ಲೀ. ಸೌಮ್ಯ ದ್ರವ ಸೋಪು ಕಲಸಿ, ಆಮೇಲೆ 5 ಮಿ.ಲೀ. ಬೇವಿನೆಣ್ಣೆ ಹಾಕಿ ಚೆನ್ನಾಗಿ ಕುಲುಕಬೇಕು. ತಣ್ಣೀರಿನಲ್ಲಿ ಎಣ್ಣೆ ಒಡೆದು ತೇಲುತ್ತದೆ, ತೇಲಿದ ಎಣ್ಣೆ ಎಲೆಯನ್ನು ಸುಡುತ್ತದೆ. ಬೇಕಾದಷ್ಟೇ ಕಲಸಿ ಅದೇ ದಿನ ಮುಗಿಸಿ. ನೀರು ಗಡಸಾಗಿದ್ದರೆ ಸೋಪು ಒಡೆದು ಕೆನೆಗಟ್ಟುತ್ತದೆ, ಆಗ ಶೋಧಿಸಿದ ನೀರು ಅಥವಾ ಮಳೆ ನೀರು ಬಳಸಿ. ಸಂಜೆ ಹೊತ್ತಿನಲ್ಲಿ ಎಲೆಯ ಅಡಿಭಾಗ ತೊಯ್ಯುವಂತೆ ಹೊಡೆಯಿರಿ. ಮೊದಲ ಸಲ ಒಂದೇ ಎಲೆಗೆ ಹಚ್ಚಿ ಎರಡು ದಿನ ಕಾಯುವುದು ಕ್ಷೇಮ. ಫೆಲನಾಪ್ಸಿಸ್‌ನ ಸುಳಿಯಲ್ಲಿ ದ್ರವ ನಿಂತರೆ ಸುಳಿ ಕೊಳೆಯುತ್ತದೆ. ಆ ಗಿಡಕ್ಕೆ ಹೊಸ ಎಲೆ ಬರುವುದು ಅದೊಂದೇ ಜಾಗದಿಂದ. ಹಾಗಾಗಿ ಹೊಡೆದ ಕೂಡಲೇ ಟಿಶ್ಯೂ ಪೇಪರನ್ನು ಸುರುಳಿ ಸುತ್ತಿ ಸುಳಿಗೆ ಇಳಿಸಿ ತೇವ ಹೀರಿಸಿಬಿಡುತ್ತೇನೆ.

ಏಳು ದಿನಕ್ಕೊಮ್ಮೆ, ಕಡಿಮೆಯೆಂದರೆ ನಾಲ್ಕು ಸಲ. ಈ ಲೆಕ್ಕಕ್ಕೆ ಕಾರಣವಿದೆ. ಚಿಪ್ಪಿನಡಿ, ಹತ್ತಿಯಂಥ ಚೀಲದೊಳಗೆ ಇರುವ ಮೊಟ್ಟೆಗೆ ಸೋಪೂ ಎಣ್ಣೆಯೂ ಸರಿಯಾಗಿ ಮುಟ್ಟುವುದಿಲ್ಲ. ಒಡೆದು ಹೊರಬಂದ ಮರಿಗೆ ಇನ್ನೂ ಮೇಣ ಕಟ್ಟಿರುವುದಿಲ್ಲ, ಸಾಯುವುದು ಆಗಲೇ. ಎರಡನೇ ವಾರ ಗಿಡ ಪೂರ್ತಿ ಸ್ವಚ್ಛ ಕಾಣುತ್ತದೆ, ಬಹಳ ಜನ ಅಲ್ಲಿಗೇ ಬಿಡುತ್ತಾರೆ. ಮೂರನೆಯದೂ ನಾಲ್ಕನೆಯದೂ ತಪ್ಪಬಾರದು.

ಇಷ್ಟಾದರೂ ಮರಳಿ ಬಂದರೆ ಕೀಟ ಬೇರಿನಲ್ಲಿದೆ. ಗಿಡವನ್ನು ಕುಂಡದಿಂದ ತೆಗೆದು ಕುಂಡದಲ್ಲಿ ಮಣ್ಣಿನ ಬದಲು ತುಂಬಿದ್ದ ಹಳೆ ಮರದ ತೊಗಟೆ ಚೂರನ್ನೆಲ್ಲ ಚೀಲದಲ್ಲಿ ಕಟ್ಟಿ ಎಸೆಯಿರಿ, ಇನ್ನೊಂದು ಕುಂಡಕ್ಕೆ ಹಾಕಬೇಡಿ. ಬೇರನ್ನು ತೊಳೆದು, ಮೆತ್ತಗಾದವನ್ನು ಕತ್ತರಿಸಿ, ಎಣ್ಣೆ ಹಾಕದ ಅದೇ ಸೋಪು ನೀರಿನಲ್ಲಿ ಹತ್ತು ನಿಮಿಷ ಮುಳುಗಿಸಿ ಮತ್ತೆ ತೊಳೆಯಿರಿ. ಒಂದು ದಿನ ನೆರಳಲ್ಲಿ ಗಾಯ ಒಣಗಲಿ, ಆಮೇಲೆ ಹೊಸ ತೊಗಟೆ, ಉಜ್ಜಿ ತೊಳೆದ ಕುಂಡ.

ಬಾಯ್ಸ್‌ಡುವಲ್ ಶಲ್ಕಕ್ಕೆ ಇಮಿಡಾಕ್ಲೋಪ್ರಿಡ್‌ನಂಥ ಅಂತರ್ವ್ಯಾಪಿ ಔಷಧಿ, ಅಂದರೆ ಗಿಡ ಹೀರಿಕೊಂಡು ರಸದ ಜೊತೆ ಒಳಗೆಲ್ಲ ಹರಡುವ ಕೀಟನಾಶಕ, ನೆಚ್ಚಿಕೊಳ್ಳಬೇಡಿ. ಮೆದು ಶಲ್ಕ ಆಹಾರ ಸಾಗಿಸುವ ನಾಳದಿಂದಲೇ ರಸ ಹೀರುವುದರಿಂದ ಔಷಧಿ ಅದರ ಹೊಟ್ಟೆ ಸೇರುತ್ತದೆ. ಬಾಯ್ಸ್‌ಡುವಲ್ ಎಲೆಯ ಜೀವಕೋಶಗಳನ್ನು ಹೀರುತ್ತದೆ, ಅಲ್ಲಿಗೆ ಔಷಧಿ ಸಾಕಷ್ಟು ತಲುಪುವುದಿಲ್ಲ. ಮೆದು ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿ ತೆಗೆದು, ಎಣ್ಣೆ ಹೊಡೆಯುವುದೇ ದಾರಿ.

ಎಲೆಯ ಅಡಿ ಬೆಳ್ಳಿಯಂತೆ ಹೊಳೆದು ಸಣ್ಣ ಚುಕ್ಕೆ ಬಿದ್ದಿದ್ದರೆ ನುಸಿ. ಬಿಳಿ ಕಾಗದದಿಂದ ಎಲೆ ಒರೆಸಿದರೆ ಕೆಂಪು ಅಥವಾ ಕಂದು ಗೆರೆ ಮೂಡುತ್ತದೆ. ಫೆಲನಾಪ್ಸಿಸ್‌ಗೆ ಬರುವ ಚಪ್ಪಟೆ ನುಸಿ ಬಲೆ ನೇಯುವುದಿಲ್ಲ, ಬಲೆ ಇಲ್ಲವೆಂದು ನುಸಿ ಇಲ್ಲ ಎನ್ನಬೇಡಿ. ನುಸಿ ಕೀಟದ ಜಾತಿಯಲ್ಲ, ಜೇಡದ ಬಳಗ. ಇಮಿಡಾಕ್ಲೋಪ್ರಿಡ್ ಅದಕ್ಕೆ ನಾಟುವುದಿಲ್ಲ. ಬಲೆ ನೇಯುವ ಇನ್ನೊಂದು ಬಗೆಯಾದ ಜೇಡನುಸಿ ಬಿಸಿ, ಒಣ ಹವೆಯಲ್ಲಿ ವಾರದೊಳಗೇ ಒಂದು ಪೀಳಿಗೆ ಮುಗಿಸಬಲ್ಲದು. ಆದ್ದರಿಂದ ಮೊದಲು ನೀರಿನ ರಭಸಕ್ಕೆ ತೊಳೆದು, ಸೋಪು ನೀರನ್ನು ನಾಲ್ಕೈದು ದಿನಕ್ಕೊಮ್ಮೆ ಹೊಡೆಯುತ್ತೇನೆ. ಥ್ರಿಪ್ಸ್ ಎಂಬ ರಸ ಹೀರುವ ಪುಟ್ಟ ಕೀಟ ಹೂವಿಗೆ ಬಿದ್ದರೆ ಹೂದಂಡನ್ನೇ ಕತ್ತರಿಸಿ ತೆಗೆಯುವುದು ಲೇಸು. ಕುಂಡದ ಸುತ್ತ ಹಾರುವ ಕಪ್ಪು ಸೊಳ್ಳೆಯಂಥ ನೊಣ ತೊಗಟೆ ಕೊಳೆತಿದೆ ಎಂಬುದರ ಗುರುತು, ತೊಗಟೆ ಬದಲಿಸಿ.

ಸತ್ತ ಶಲ್ಕ ಎಲೆಗೆ ಅಂಟಿಕೊಂಡೇ ಇರುವುದರಿಂದ ನೋಟಕ್ಕೆ ಏನೂ ಗೊತ್ತಾಗದು. ಉಗುರಿನಿಂದ ಕೆರೆಯಿರಿ: ಒದ್ದೆಯಾದರೆ ಬದುಕಿದೆ, ಹೊಟ್ಟಿನಂತೆ ಹಾರಿದರೆ ಸತ್ತಿದೆ. ಒಂದೂ ಒದ್ದೆಯಾಗದೆ ಆರು ವಾರ ಕಳೆದ ಮೇಲೆಯೇ ಗಿಡವನ್ನು ಉಳಿದವುಗಳ ಸಾಲಿಗೆ ಸೇರಿಸುತ್ತೇನೆ. ಹೊಸದಾಗಿ ತಂದ ಗಿಡಕ್ಕೂ ಅಷ್ಟೇ ವಾರ ಬೇರೆ ಜಾಗ.