ದಂಬೆಯಿಂದ ಇಳಿಸಿದ ಕಸ ಎಲ್ಲಿಗೆ ಹೋಗಬೇಕು: ನನ್ನ ಅನುಭವ

ಮಾಡಿನ ದಂಬೆಯಿಂದ (ಛಾವಣಿಯ ಅಂಚಿನಲ್ಲಿ ಮಳೆನೀರು ಹಿಡಿದು ಹರಿಸುವ ಕೊಳವೆಯಿಂದ) ಕಸ ಬಾಚುವುದು ನಾಲ್ಕಾರು ಮನೆಯಲ್ಲಿ ಮಾಡಿದರೆ ಯಾರಿಗೂ ಕೈಗೆ ಕೂರುತ್ತದೆ. ಬಾಚಿದ್ದನ್ನು ಏನು ಮಾಡುವುದು ಎಂಬಲ್ಲಿ ಕೆಲಸ ಕೆಡುತ್ತದೆ. ಕಾಸರಗೋಡಿನ ಕಡೆ ಮೇ ತಿಂಗಳ ಕೊನೆಗೆ ಎಲ್ಲರೂ ಒಟ್ಟಿಗೆ ಕರೆಯುತ್ತಾರೆ, ಜೂನಿನ ಮಳೆ ಹಿಡಿಯುವ ಮೊದಲು ಮುಗಿಯಬೇಕು. ಆ ಗಡಿಬಿಡಿಯಲ್ಲಿ ಕಸ ಹಿತ್ತಿಲ ತೋಡಿಗೋ (ಸಣ್ಣ ಹಳ್ಳಕ್ಕೋ) ರಸ್ತೆ ಬದಿಯ ಚರಂಡಿಗೋ ಗುಡ್ಡೆಯ ಬದಿಗೋ ಬೀಳುತ್ತದೆ. ಚರಂಡಿಗೆ ಬಿದ್ದದ್ದು ಮೊದಲ ಜಡಿಮಳೆಗೆ ಮೋರಿಯ ಬಾಯಿ ಕಟ್ಟಿ ನೀರನ್ನು ಯಾರದೋ ಅಂಗಳಕ್ಕೆ ತಿರುಗಿಸುತ್ತದೆ. ಗುಡ್ಡೆಯ ಬದಿಗೆ ಸುರಿದದ್ದರ ರಸ ಮುರಕಲ್ಲಿನಲ್ಲಿ (ಕೆಂಪು ಜಂಬಿಟ್ಟಿಗೆಯಲ್ಲಿ) ಇಂಗಿ ಕೆಳಗಿನ ಮನೆಯ ಸುರಂಗದ, ಅಂದರೆ ಗುಡ್ಡೆಯನ್ನು ಅಡ್ಡಕ್ಕೆ ಕೊರೆದು ಮಾಡಿದ ಬಾವಿಯ, ನೀರಿಗೆ ಇಳಿಯುತ್ತದೆ.

ನಾನು ಪಾಲಿಸುವ ಕ್ರಮ ಇಷ್ಟು: ಮಣ್ಣಿಗೆ ಸೇರಬಹುದಾದದ್ದು ಆ ಮನೆಯ ಜಾಗ ಬಿಟ್ಟು ಹೋಗಬಾರದು, ಸೇರಬಾರದ್ದು ಒಂದು ಚೂರೂ ಅಲ್ಲಿ ಉಳಿಯಬಾರದು. ಇದು ಸಾಧ್ಯವಾಗಬೇಕಾದರೆ ಬೇರ್ಪಡಿಸುವುದು ಏಣಿಯ ಮೇಲೆಯೇ ಆಗಬೇಕು. ಎಲ್ಲವನ್ನೂ ಅಂಗಳಕ್ಕೆ ತಳ್ಳಿ ಆಮೇಲೆ ಹೆಕ್ಕುತ್ತೇನೆ ಎಂದರೆ ಆಗುವ ಕೆಲಸವಲ್ಲ. ಒದ್ದೆ ಎಲೆಯ ರಾಶಿಯೊಳಗೆ ತುಕ್ಕು ಹಿಡಿದ ಸ್ಕ್ರೂ, ಹಂಚಿನ ಚೂರು, ಒಡೆದ ಟ್ಯೂಬ್‌ಲೈಟಿನ ಗಾಜು ಇದ್ದರೆ ಕಣ್ಣಿಗೆ ಕಾಣುವುದಿಲ್ಲ. ಅದು ಸಿಗುವುದು ಮುಂದಿನ ವರ್ಷ ಗೊಬ್ಬರಕ್ಕೆ ಕೈ ಹಾಕುವ ಮನೆಯವರ ಅಂಗೈಗೆ.

ಕಸ ಎಷ್ಟು ಬರುತ್ತದೆ ಎಂದು ಹತ್ತುವ ಮೊದಲೇ ಲೆಕ್ಕ ಹಾಕಿಕೊಳ್ಳಬೇಕು. ದಂಬೆ 15 ಸೆಂಟಿಮೀಟರ್ ಅಗಲ, 12 ಸೆಂಟಿಮೀಟರ್ ಆಳ ಇದ್ದರೆ ಒಂದು ಮೀಟರಿಗೆ 18 ಲೀಟರ್ ಹಿಡಿಯುತ್ತದೆ. ಅರ್ಧ ತುಂಬಿದ್ದರೆ 9 ಲೀಟರ್. ಮನೆಯ ಒಂದು ಬದಿ 12 ಮೀಟರ್ ಎಂದರೆ ಸುಮಾರು 108 ಲೀಟರ್, ಅಂದರೆ 20 ಲೀಟರಿನ ಬಕೆಟಿನಲ್ಲಿ ಐದೂವರೆ. ಒದ್ದೆ ಕಸ ಒಂದು ಬಕೆಟಿಗೆ 15 ಕಿಲೋ ದಾಟುತ್ತದೆ, ಏಣಿಯಿಂದ ಇಳಿಸುವಾಗ ಅಷ್ಟು ತೂಕ ಅಪಾಯ. ಹಾಗಾಗಿ ಬಕೆಟಿಗೆ ಅರ್ಧ ಮಾತ್ರ ತುಂಬಿ ಹಗ್ಗದಲ್ಲಿ ಇಳಿಸುತ್ತೇನೆ. ತೋಟದ ನಡುವಿನ ಮನೆಯಾದರೆ ಇಷ್ಟೂ ಕಸಕ್ಕೆ ಜಾಗ ಇದ್ದೇ ಇರುತ್ತದೆ. ಪೇಟೆಯಲ್ಲಿ ಐದು ಸೆಂಟ್ಸಿನ ಮನೆಯಾದರೆ ಎಲ್ಲಿ ಹಾಕುವುದು, ಯಾರು ಸಾಗಿಸುವುದು, ಬಾಡಿಗೆ ಯಾರದು ಎಂದು ಏಣಿ ಒರಗಿಸುವ ಮೊದಲೇ ಮಾತಾಗಬೇಕು.

ಬಾಚುವುದಕ್ಕೆ ಮೇಸ್ತ್ರಿಯ ಕರಣೆ ಬೇಡ. ಅದರ ಅಂಚು ಜಿಐ ಶೀಟಿನ (ಸತು ಲೇಪಿಸಿದ ಕಬ್ಬಿಣದ ತಗಡಿನ) ಲೇಪ ಕೆರೆದು ಅಲ್ಲಿಂದಲೇ ತುಕ್ಕು ಶುರುವಾಗುತ್ತದೆ, ಕೆರೆದ ಬಣ್ಣ ಕಸಕ್ಕೂ ಸೇರುತ್ತದೆ. ನಾನು ಬಳಸುವುದು ಒಣಗಿದ ಅಡಕೆ ಹಾಳೆ. ಒಂದು ಗೇಣು ಉದ್ದಕ್ಕೆ ಕತ್ತರಿಸಿ, ಹತ್ತು ನಿಮಿಷ ನೀರಿನಲ್ಲಿ ನೆನೆಸಿದರೆ ದಂಬೆಯ ಒಳಮೈಗೆ ಸರಿಯಾಗಿ ಬಗ್ಗುತ್ತದೆ. ಹರಿದರೆ ಕಸದ ಜೊತೆಗೇ ಗೊಬ್ಬರಕ್ಕೆ ಹೋಗುತ್ತದೆ. ಹಾಳೆ ಸಿಗದಲ್ಲಿ ಐದು ಲೀಟರಿನ ಎಣ್ಣೆ ಕ್ಯಾನನ್ನು ಓರೆಯಾಗಿ ಕತ್ತರಿಸಿಕೊಳ್ಳಬಹುದು.

ಮೊದಲ ಕೆಲಸ, ಇಳಿಪೈಪಿನ ಬಾಯಿಗೆ ಗೋಣಿಯ ತುಂಡು ತುರುಕುವುದು. ಇದನ್ನು ಬಿಟ್ಟರೆ ಬಾಚುವಾಗ ಜಾರಿದ ಕೆಸರು ಪೈಪಿನ ಎಲ್ಬೋದಲ್ಲಿ ಕೂತು ಗಟ್ಟಿಯಾಗುತ್ತದೆ. ಈಗ ಎಷ್ಟೋ ಮನೆಗಳಲ್ಲಿ ಆ ಪೈಪು ಫಿಲ್ಟರ್ ಟ್ಯಾಂಕಿನ ಮೂಲಕ ನೇರ ಬಾವಿಗೆ ಹೋಗುತ್ತದೆ. ಅಲ್ಲಿ ಪೈಪನ್ನು ಬಿಚ್ಚಿ ತೋಟದ ಕಡೆಗೆ ತಿರುಗಿಸದೆ ಒಂದು ಹಿಡಿ ಕಸವನ್ನೂ ಮುಟ್ಟಬಾರದು. ಜಲ್ಲಿ, ಮರಳು, ಇದ್ದಿಲಿನ ಪದರಕ್ಕೆ ಎಲೆಯ ಕೆಸರು ಇಳಿದರೆ ಮರಳಿನ ಮೇಲುಭಾಗ ಅಂಟಿನ ಹಾಗೆ ಮುಚ್ಚಿಕೊಳ್ಳುತ್ತದೆ, ನೀರು ಇಳಿಯದೆ ಮೇಲಿಂದ ಉಕ್ಕುತ್ತದೆ. ಕೊನೆಯಲ್ಲಿ ದಂಬೆ ತೊಳೆದ ನೀರು ತಿಳಿಯಾಗುವವರೆಗೂ ಪೈಪು ಹೊರಗೇ ಇರಬೇಕು.

ಇನ್ನು ಕಸವನ್ನು ಹತ್ತಿರದಿಂದ ನೋಡಿ. ವರ್ಷವಿಡೀ ಮುಟ್ಟದ ದಂಬೆಯಲ್ಲಿ ಮೂರು ಪದರ ಇರುತ್ತದೆ. ಮೇಲೆ ಒಣ ತರಗೆಲೆ, ಹಿಂಗಾರದ ಕಡ್ಡಿ, ತೆಂಗಿನ ಮಡಲಿನ ಗರಿ. ನಡುವೆ ಎಲೆಗಳು ಒಂದಕ್ಕೊಂದು ಅಂಟಿ, ಬೇರು ಹೆಣೆದು, ಮಡಚಿ ಎತ್ತಬಹುದಾದಷ್ಟು ಗಟ್ಟಿಯಾದ ಪದರ. ತಳದಲ್ಲಿ ಎರಡು ಬೆರಳು ದಪ್ಪಕ್ಕೆ ಕಪ್ಪು ಕೆಸರು. ಅದನ್ನು ಬೆರಳಲ್ಲಿ ಉಜ್ಜಿದರೆ ಹಂಚಿನ ಕೆಂಪು ಪುಡಿ, ಗಾರೆಯ ಸುಣ್ಣ, ಮರಳು, ಹಕ್ಕಿಯ ಹಿಕ್ಕೆ ಎಲ್ಲ ಸಿಗುತ್ತದೆ. ಈ ಮೂರಕ್ಕೂ ಬೇರೆ ಬೇರೆ ದಾರಿ ಇದೆ, ಆದ್ದರಿಂದ ಮೂರು ಸುತ್ತಿನಲ್ಲಿ ತೆಗೆಯುತ್ತೇನೆ. ಒಂದೇ ಸಲ ಬುಡದವರೆಗೆ ಕೈ ಹಾಕಿದರೆ ಒಣ ಎಲೆಗೂ ಕೆಸರು ಹತ್ತಿ ಎಲ್ಲವೂ ಭಾರವಾಗುತ್ತದೆ. ಬಕೆಟಿನ ಪಕ್ಕದಲ್ಲಿ ಸಣ್ಣ ಡಬ್ಬಿಯೊಂದು ಕೊಕ್ಕೆಯಲ್ಲಿ ನೇತಾಡುತ್ತಿರಬೇಕು. ಪ್ಲಾಸ್ಟಿಕ್, ಮೊಳೆ, ಗಾಜು, ಹಳೆಯ ಸಿಲಿಕೋನ್ ಅಂಟು ಕಂಡ ಕೂಡಲೇ ಅದಕ್ಕೆ.

ಮೇಲಿನ ಒಣ ಪದರ ನೇರ ಅಡಕೆ, ತೆಂಗಿನ ಬುಡಕ್ಕೆ ಹೊದಿಕೆ. ಕಾಂಡಕ್ಕೆ ತಾಗಿಸದೆ ಒಂದಡಿ ಬಿಟ್ಟು ಸುತ್ತ ಹರಡಬೇಕು. ಅಕೇಶಿಯದ ಎಲೆ, ಗಾಳಿಮರದ ಸೂಜಿ ಬೇಗ ಕೊಳೆಯುವುದಿಲ್ಲ, ಅವು ಹೊದಿಕೆಗೆ ಒಳ್ಳೆಯದು, ಗೊಬ್ಬರದ ಗುಂಡಿಗೆ ಅಲ್ಲ.

ನಡುವಿನ ಪದರವೇ ನಿಜವಾದ ಗೊಬ್ಬರದ ಮಾಲು. ಅರ್ಧ ಕೊಳೆತಿರುವುದರಿಂದ ಸಮಯ ಉಳಿಯುತ್ತದೆ. ಕಬ್ಬಿಣದ ಬಲೆಯನ್ನು ಒಂದು ಮೀಟರ್ ಅಡ್ಡಳತೆ, ಒಂದು ಮೀಟರ್ ಎತ್ತರಕ್ಕೆ ಸುತ್ತಿ ನೆರಳಲ್ಲಿ ನಿಲ್ಲಿಸಿದರೆ 780 ಲೀಟರ್ ಹಿಡಿಯುತ್ತದೆ, ಸಾಧಾರಣ ಮನೆಯ ನಾಲ್ಕೂ ಬದಿಯ ಕಸಕ್ಕೆ ಧಾರಾಳ. ಒಂದು ಗೇಣು ಕಸ, ಮೇಲೆ ಸೆಗಣಿ ನೀರು, ಹೀಗೆ ಪದರ. ಹತ್ತು ಕಿಲೋ ಕಸಕ್ಕೆ ಒಂದು ಕಿಲೋ ಸೆಗಣಿ ಸಾಕು. ಕುಡ್ಲುವಿನ ಸಿಪಿಸಿಆರ್‌ಐ (ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ತೆಂಗಿನ ಗರಿಯ ಎರೆಗೊಬ್ಬರಕ್ಕೆ ಹೇಳುವ ಪ್ರಮಾಣವೂ ಇದೇ. ದನದ ಹಟ್ಟಿ ಇಲ್ಲದ ಮನೆಯಾದರೆ ಗ್ಲಿರಿಸಿಡಿಯಾ ಸೊಪ್ಪು ಕಡಿದು ಹಾಕಬಹುದು. ಎರೆಹುಳ ಬಿಡುವುದಾದರೆ ಎರಡು ವಾರ ಕಾಯಲೇಬೇಕು. ಮೊದಲಿನ ಬಿಸಿಗೆ ಹುಳ ಸಾಯುತ್ತದೆ. ಹಿಂಡಿದಾಗ ಬೆರಳ ಸಂದಿಯಲ್ಲಿ ಒಂದೆರಡು ಹನಿ ಬಂದರೆ ತೇವ ಸರಿ, ನೀರು ಧಾರೆಯಾಗಿ ಇಳಿದರೆ ವಾಸನೆ ಖಂಡಿತ. ಮಳೆಗಾಲದಲ್ಲಿ ಮೇಲೆ ಶೀಟು ಮುಚ್ಚದಿದ್ದರೆ ಸಾರವೆಲ್ಲ ತೊಳೆದು ಹೋಗುತ್ತದೆ.

ತೆಂಗಿನ ತೋಟದಲ್ಲಿ ಒಂದು ಎಚ್ಚರಿಕೆ. ಕೊಳೆತ ಕಸದ ರಾಶಿ ಕುರುವಾಯಿ (ತೆಂಗಿಗೆ ಬೀಳುವ ಕೊಂಬಿನ ದುಂಬಿ) ಮೊಟ್ಟೆ ಇಡುವ ಜಾಗ. ತಿಂಗಳಿಗೊಮ್ಮೆ ತಿರುವಿ ಹಾಕುವಾಗ ಬೆರಳು ದಪ್ಪದ, ಬಾಗಿದ ಬಿಳಿ ಹುಳ ಸಿಕ್ಕಿದರೆ ಹೆಕ್ಕಿ ಕೊಲ್ಲಬೇಕು. ರಾಶಿ ಹಾಕಿ ಮರೆತುಬಿಟ್ಟರೆ ಆ ಹುಳವೇ ದುಂಬಿಯಾಗಿ ಸುತ್ತಿನ ತೆಂಗಿನ ಸುಳಿ ಕೊರೆಯುತ್ತದೆ. ಆ ಹುಳವನ್ನು ಕೊಲ್ಲುವ ಮೆಟರೈಜಿಯಂ ಶಿಲೀಂಧ್ರವನ್ನು ರಾಶಿಗೆ ಬೆರೆಸುವುದು ಒಳ್ಳೆಯ ಉಪಾಯ.

ತಳದ ಕೆಸರಿನಲ್ಲಿ ವಿವೇಚನೆ ಬೇಕು. ಹಂಚಿನ ಮಾಡಿನದ್ದಾದರೆ ಅಡಕೆ ಬುಡಕ್ಕೆ ಹಾಕಿ ಮಣ್ಣು ಮುಚ್ಚಬಹುದು. ಅಡಕೆ ತೋಟಕ್ಕೆ ತಾಗಿದ ಮನೆಯಲ್ಲಿ ಕೊಳೆರೋಗಕ್ಕೆ ಸಿಂಪಡಿಸಿದ ಬೋರ್ಡೋ ದ್ರಾವಣ ಗಾಳಿಗೆ ಮಾಡಿಗೂ ಬೀಳುತ್ತದೆ. ಮಳೆಗಾಲದ ಬಿಡುವಿನಲ್ಲಿ ಬಾಚುವಾಗ ಕೆಸರಿನ ಅಂಚಿನಲ್ಲಿ ತಿಳಿನೀಲಿ ಬಣ್ಣ ಕಂಡರೆ ಅದು ಮೈಲುತುತ್ತಿನ ತಾಮ್ರ. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಹಾಕಿದ ದ್ರಾವಣ ಅದು. ತಾಮ್ರ ಮಣ್ಣಿನಲ್ಲಿ ಕರಗಿ ಮಾಯವಾಗುವುದಿಲ್ಲ, ಸೇರುತ್ತಾ ಹೋಗಿ ಎರೆಹುಳಕ್ಕೆ ವಿಷವಾಗುತ್ತದೆ. ಆ ಕೆಸರು ಎರೆಗೊಬ್ಬರಕ್ಕೂ ತರಕಾರಿ ಸಾಲಿಗೂ ಬೇಡ. ಹೇಗಿದ್ದರೂ ತಾಮ್ರ ಬೀಳುವ ಅದೇ ಅಡಕೆ ತೋಟದಲ್ಲಿ, ಒಂದೇ ಕಡೆ ಸುರಿಯದೆ ತೆಳುವಾಗಿ ಹರಡುತ್ತೇನೆ. ಬಾವಿಯ ಬದಿಗೆ, ತೋಟದ ನೀರು ಹರಿಯುವ ಕಣಿಗೆ ಹಾಕುವುದಿಲ್ಲ.

ಪಾಚಿಗೆ ಬ್ಲೀಚಿಂಗ್ ಪೌಡರ್ ಹಾಕಿಸಬೇಕೆಂದು ಮನೆಯವರು ಕೇಳುತ್ತಾರೆ. ಪೌಡರ್ ಮೊದಲು ಹಾಕಿದರೆ ಬಾಚಿದ ಕಸವೆಲ್ಲ ಗೊಬ್ಬರಕ್ಕೆ ಬಾರದ್ದಾಗುತ್ತದೆ. ಮೊದಲು ಪಾಚಿಯನ್ನು ಒದ್ದೆ ಇರುವಾಗಲೇ ಉಜ್ಜಿ ತೆಗೆದು ಇಳಿಸಿ, ಆಮೇಲೆ ಬೇಕಾದರೆ ಪೌಡರ್. ಆ ನೀರು ಬಾವಿಗೆ, ತೋಡಿಗೆ ಹೋಗದಂತೆ ನೋಡಬೇಕು.

ಸಿಮೆಂಟ್ ಶೀಟ್ ಎಂದು ನಾವು ಕರೆಯುವ ಆಸ್ಬೆಸ್ಟಾಸ್ ಮಾಡಿನ ಕಸ ಬೇರೆಯೇ. ಹಳೆಯ ಶೀಟಿನ ಮೇಲ್ಮೈ ಮಳೆಗೆ ಸವೆದು ನಾರು ದಂಬೆಯ ತಳದಲ್ಲಿ ಕೂರುತ್ತದೆ. ಒಣ ಇರುವಾಗ ಬ್ರಶ್ ಹಾಕಿದರೆ ಆ ನಾರು ಉಸಿರಿಗೆ ಸೇರುತ್ತದೆ, ಬಟ್ಟೆಯ ಮಾಸ್ಕ್ ತಡೆಯುವುದಿಲ್ಲ, ಎನ್95 ಕೂಡ ಸಾಲದು, ಪಿ100 ಫಿಲ್ಟರಿನ ಮಾಸ್ಕ್ ಬೇಕು. ನೀರು ಚಿಮುಕಿಸಿ, ಒದ್ದೆಯಾಗಿಯೇ ಬಾಚಿ, ದಪ್ಪ ಪ್ಲಾಸ್ಟಿಕ್ ಚೀಲ ಎರಡರಲ್ಲಿ ಒಂದರೊಳಗೊಂದು ತುಂಬಿ ಬಾಯಿ ಕಟ್ಟಿ, ಮೇಲೆ ಏನೆಂದು ಬರೆಯುತ್ತೇನೆ. ಒಂದು ಹಿಡಿಯೂ ತೋಟಕ್ಕೆ ಹೋಗುವುದಿಲ್ಲ. ಪಂಚಾಯತಿಗೆ ತಿಳಿಸಿ, ಅವರು ದಾರಿ ಹೇಳುವವರೆಗೆ ಚೀಲ ಮಕ್ಕಳ ಕೈಗೆ ಸಿಗದ ಕಡೆ ಇರಬೇಕು. ಒಪ್ಪದ ಮನೆಯ ಕೆಲಸ ನಾನು ಹಿಡಿಯುವುದಿಲ್ಲ.

ಸತ್ತ ಇಲಿ, ಹಕ್ಕಿ ಸಿಕ್ಕಿದರೆ ಎರಡಡಿ ಆಳದ ಗುಂಡಿ, ಸುಣ್ಣ, ಮೇಲೆ ಮಣ್ಣು, ನಾಯಿ ಕೆದಕದಂತೆ ಕಲ್ಲು. ಕೇರಳದ ಕಟ್ಟಡ ನಿಯಮ ಶೌಚದ ಗುಂಡಿಗೂ ಬಾವಿಗೂ ನಡುವೆ ಏಳೂವರೆ ಮೀಟರ್ ಕೇಳುತ್ತದೆ; ಇದಕ್ಕೂ ಕನಿಷ್ಠ ಅಷ್ಟು ದೂರ ಇಡುತ್ತೇನೆ, ಅದೂ ಬಾವಿಯಿಂದ ತಗ್ಗಿನ ಕಡೆಗೆ. ಇಲಿ ಓಡಾಡಿದ ದಂಬೆಯ ಕೆಸರಿನಿಂದ ಇಲಿಜ್ವರ ಬರುತ್ತದೆ. ಕೈಗೆ ರಬ್ಬರ್ ಗ್ಲೌಸ್, ಕಾಲಿಗೆ ಗಂಬೂಟ್ ಬೇಕೇ ಬೇಕು. ಕೈಕಾಲಲ್ಲಿ ಗಾಯ ಇದ್ದವರನ್ನು ಕೆಳಗಿನ ಕಸ ತುಳಿಯುವ ಕೆಲಸಕ್ಕೆ ಹಾಕಬಾರದು. ಮಳೆಗಾಲದಲ್ಲಿ ಇಂಥ ಕೆಲಸ ಮಾಡುವವರಿಗೆ ವಾರಕ್ಕೊಮ್ಮೆ ಡಾಕ್ಸಿಸೈಕ್ಲಿನ್ 200 ಮಿಲಿಗ್ರಾಂ ತೆಗೆದುಕೊಳ್ಳಲು ಆರೋಗ್ಯ ಇಲಾಖೆ ಹೇಳುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿಯೇ ತೆಗೆದುಕೊಳ್ಳಿ.

ನಿಂತ ನೀರಿನಲ್ಲಿ ಸೊಳ್ಳೆ ಮರಿ ಕುಣಿಯುತ್ತಿದ್ದರೆ ಅದನ್ನು ಚರಂಡಿಗೆ ಚೆಲ್ಲಬೇಡಿ, ಒಣ ಮಣ್ಣಿಗೆ ಸುರಿಯಿರಿ, ಅಲ್ಲಿಗೆ ಸಾಯುತ್ತವೆ. ಡೆಂಗಿ ಹರಡುವ ಸೊಳ್ಳೆಯ ಮೊಟ್ಟೆ ಮಾತ್ರ ನೀರಿನ ಅಂಚಿನ ಗೋಡೆಗೆ ಅಂಟಿ ತಿಂಗಳುಗಟ್ಟಲೆ ಒಣಗಿದ್ದರೂ ಬದುಕಿರುತ್ತದೆ. ದಂಬೆಯ ಒಳಗೋಡೆ ಉಜ್ಜದೆ ಕಸ ಮಾತ್ರ ತೆಗೆದರೆ ಪ್ರಯೋಜನ ಅರ್ಧವೇ. ಹಕ್ಕಿ ಹಿಕ್ಕೆಯಿಂದ ಹುಟ್ಟಿದ ಅಶ್ವತ್ಥ, ಆಲದ ಗಿಡಗಳನ್ನು ಬೇರುಸಹಿತ ಕಿತ್ತು, ಕಲ್ಲಿನ ಮೇಲೆ ಬಿಸಿಲಿಗೆ ಬೇರು ಒಣಗಿಸಿದ ಮೇಲೆಯೇ ರಾಶಿಗೆ ಹಾಕುತ್ತೇನೆ. ಹಸಿಯಾಗಿ ಬಾವಿಕಟ್ಟೆಯ ಬಳಿ ಎಸೆದರೆ ಮುರಕಲ್ಲಿನ ಸಂದಿಯಲ್ಲಿ ಮತ್ತೆ ಬೇರು ಹಿಡಿಯುತ್ತದೆ.

ಡಬ್ಬಿಯಲ್ಲಿ ಸೇರಿದ ಪ್ಲಾಸ್ಟಿಕ್ಕನ್ನು ತೊಳೆದು ಒಣಗಿಸಿ ಮನೆಯವರ ಕೈಗೆ ಕೊಡುತ್ತೇನೆ, ಮನೆಮನೆಯಿಂದ ಕಸ ಸಂಗ್ರಹಿಸುವ ಹರಿತ ಕರ್ಮ ಸೇನೆಯ ಹೆಂಗಸರು ಬಂದಾಗ ಹೋಗುತ್ತದೆ. ಕೆಸರು ಮೆತ್ತಿದ್ದನ್ನು ಆ ಹೆಂಗಸರ ಕೈಗೆ ಕೊಡುವುದು ಸರಿಯಲ್ಲ, ಬೇರ್ಪಡಿಸುವವರೂ ಅವರೇ. ಗಾಜು ಬೇರೆ ಕಟ್ಟಿ ಹೇಳಿ ಕೊಡಬೇಕು. ಕಬ್ಬಿಣ, ಅಲ್ಯೂಮಿನಿಯಂ ಗುಜರಿಗೆ.

ಸುಡುವುದು ಬೇಡ. ಒದ್ದೆ ಎಲೆ ಉರಿಯದೆ ಹೊಗೆಯಾಡುತ್ತದೆ, ನಡುವೆ ಪ್ಲಾಸ್ಟಿಕ್ ಇದ್ದರೆ ಆ ಹೊಗೆ ವಿಷ. ಕೇರಳದಲ್ಲಿ ಕಸ ಸುಟ್ಟರೆ, ಬೀದಿಗೆ ಎಸೆದರೆ ದಂಡವಿದೆ. ಹೊಳೆ, ತೋಡಿಗೆ ಹಾಕಿದರೆ 10,000ದಿಂದ 50,000 ರೂಪಾಯಿ ದಂಡದ ಜೊತೆ ಜೈಲೂ ಆಗಬಹುದು.

ಸಾಗಿಸಲೇಬೇಕಾದ ಕಡೆ ಕಸವನ್ನು ಮೊದಲು ಗೋಣಿಯಲ್ಲಿ ತುಂಬಿ, ಕೋಲಿನ ಮೇಲೆ ಓರೆಯಾಗಿ ಇಟ್ಟು ಒಂದು ರಾತ್ರಿ ನೀರು ಬಸಿಯಲು ಬಿಡುತ್ತೇನೆ. ತೂಕ ಇಳಿಯುತ್ತದೆ, ರಸ್ತೆಗೆ ರಸ ಸೋರುವುದಿಲ್ಲ. ಪಿಕಪ್ಪಿನಲ್ಲಿ ಕೆಳಗೂ ಮೇಲೂ ಟಾರ್ಪಾಲು. ಸಿಮೆಂಟಿನ ಚೀಲಕ್ಕಿಂತ ಹಿಂಡಿಯ ಗೋಣಿ ಒಳ್ಳೆಯದು. ಸಿಮೆಂಟ್ ಚೀಲ ಬಿಸಿಲಿಗೆ ಪುಡಿಯಾಗಿ ಅದರ ಎಳೆ ಗೊಬ್ಬರದ ತುಂಬ ಸೇರುತ್ತದೆ, ಹೆಕ್ಕಲು ಸಾಧ್ಯವೇ ಇಲ್ಲ. ಆಫ್ರಿಕನ್ ಬಸವನಹುಳ ಇರುವ ಮನೆಯ ಕಸವನ್ನು ಎಷ್ಟು ಕೇಳಿದರೂ ಇನ್ನೊಬ್ಬರ ತೋಟಕ್ಕೆ ಕೊಡುವುದಿಲ್ಲ. ಕರಿಮೆಣಸಿನ ಕಾಳಿನಷ್ಟಿರುವ ಮೊಟ್ಟೆಗಳು ಕೆಸರಿನಲ್ಲಿ ಕಾಣದೆ ಹೋಗಿ, ಒಂದು ಗೋಣಿಯಿಂದ ಇಡೀ ತೋಟಕ್ಕೆ ಹಬ್ಬುತ್ತದೆ. ಅಂಥ ಮನೆಯ ಗೋಣಿ, ಬಕೆಟ್, ಬೂಟು ಎಲ್ಲ ಅಲ್ಲೇ ಉಪ್ಪುನೀರಿನಲ್ಲಿ ತೊಳೆದು ಹೊರಡಬೇಕು.

ಬಿಲ್ಲಿನಲ್ಲಿ ಕಸದ ವಿಲೇವಾರಿಗೆ ಬೇರೆ ಸಾಲು ಬರೆಯುತ್ತೇನೆ: ಎಷ್ಟು ಗೋಣಿ, ಎಲ್ಲಿ ಹಾಕಿದ್ದು, ಸಾಗಾಟ ಎಷ್ಟು. ಒಟ್ಟು ಮೊತ್ತದೊಳಗೆ ಸೇರಿಸಿಬಿಟ್ಟರೆ ಮನೆಯವರು ಚೌಕಾಸಿ ಮಾಡುವಾಗ ಮೊದಲು ಕಡಿತವಾಗುವುದು ಅದೇ, ಆಮೇಲೆ ಕಸ ತೋಡಿನ ದಾರಿ ಹಿಡಿಯುತ್ತದೆ. ತೋಟದಲ್ಲೇ ಉಳಿಸಿಕೊಳ್ಳುವವರಿಗೆ ಆ ಸಾಲಿನಲ್ಲಿ ಬಲೆಯ ಬೆಲೆ ಮಾತ್ರ ಇರುತ್ತದೆ.