ಪಾಯಿಂಟ್ ಟೂ ಟೂ ರೈಫಲ್ಲಿನಲ್ಲಿ ದೂರದ ಗುರಿ: ಮಲೆನಾಡಿನ ಹವೆಗೆ ಹೊಂದುವ ಅಭ್ಯಾಸಕ್ರಮ

ಪಾಯಿಂಟ್ ಟೂ ಟೂ ರೈಫಲ್, ಅಂದರೆ ಸುಮಾರು 0.22 ಇಂಚು ಅಡ್ಡಳತೆಯ ಸಣ್ಣ ಗುಂಡಿನ ರೈಫಲ್, ಒಲಿಂಪಿಕ್ಸ್‌ನಲ್ಲಿ 50 ಮೀಟರಿನ ಆಟ. 2024ರ ಪ್ಯಾರಿಸ್ ಕ್ರೀಡಾಕೂಟದಲ್ಲಿ ಭಾರತದ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದದ್ದೂ ಅದೇ ದೂರದಲ್ಲಿ. ಅಲ್ಲಿ ಹತ್ತು ಅಂಕದ ವೃತ್ತದ ಅಡ್ಡಳತೆ ಕೇವಲ 10.4 ಮಿಲಿಮೀಟರ್. ಅದೇ ರೈಫಲ್ಲನ್ನು 100, 150, ಕೊನೆಗೆ 200 ಮೀಟರಿಗೆ ಒಯ್ದಾಗ ಕೆಲಸದ ಸ್ವರೂಪವೇ ಬದಲಾಗುತ್ತದೆ. ಸುಮಾರು 2.6 ಗ್ರಾಂ ತೂಕದ ಸೀಸದ ಗುಂಡು 200 ಮೀಟರ್ ಕ್ರಮಿಸಲು ಸೆಕೆಂಡಿನ ಮುಕ್ಕಾಲು ಪಾಲಿನಷ್ಟು ಹೊತ್ತು ತೆಗೆದುಕೊಳ್ಳುತ್ತದೆ, ಮತ್ತು ಅಷ್ಟು ಹೊತ್ತೂ ಅದು ಗಾಳಿಯ ಕೈಯಲ್ಲಿರುತ್ತದೆ. ಆದ್ದರಿಂದ ದುಬಾರಿ ರೈಫಲ್ ಹುಡುಕುವ ಮೊದಲು ಒಂದೇ ಗುಣದ ತೋಟೆಗಳನ್ನು ಆರಿಸುವುದನ್ನು, ಗಾಳಿಯನ್ನು ಓದುವುದನ್ನು ಮತ್ತು ಪ್ರತಿಯೊಂದು ಈಡನ್ನೂ ಬರೆದಿಡುವುದನ್ನು ಕಲಿಯಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಲೈಸೆನ್ಸು ಮತ್ತು ಜಾಗ

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಕಡೆ ಬಹಳಷ್ಟು ತೋಟದ ಮನೆಗಳಲ್ಲಿ ಕೋವಿ ಇರುತ್ತದೆ. ಆದರೆ ಬೆಳೆ ರಕ್ಷಣೆಗೆಂದು ಜಿಲ್ಲಾಧಿಕಾರಿಗಳ ಕಚೇರಿಯಿಂದ ಪಡೆದ ಲೈಸೆನ್ಸು ಗುರಿ ಅಭ್ಯಾಸಕ್ಕೆ ತಾನಾಗಿಯೇ ಅನ್ವಯಿಸುತ್ತದೆ ಎಂದು ತಿಳಿಯಬಾರದು. ಯಾವ ಉದ್ದೇಶಕ್ಕೆ, ಯಾವ ಆಯುಧಕ್ಕೆ, ವರ್ಷಕ್ಕೆ ಎಷ್ಟು ತೋಟೆಗೆ ಅನುಮತಿಯಿದೆ ಎಂಬುದು ಲೈಸೆನ್ಸಿನಲ್ಲಿಯೇ ನಮೂದಾಗಿರುತ್ತದೆ. ಷರತ್ತು ಮೀರುವುದು 1959ರ ಆಯುಧ ಕಾಯ್ದೆಯಡಿ ಶಿಕ್ಷಾರ್ಹ ಅಪರಾಧ. ಚುನಾವಣೆ ಘೋಷಣೆಯಾದ ಮೇಲೆ ಕೋವಿಯನ್ನು ಠಾಣೆಗೆ ಒಪ್ಪಿಸುವ ಆದೇಶ ಬಂದರೆ ಅಭ್ಯಾಸಕ್ಕೂ ಅಷ್ಟು ದಿನ ವಿರಾಮ ಎಂದೇ ಲೆಕ್ಕ ಹಾಕಿಕೊಳ್ಳಬೇಕು.

ಅಭ್ಯಾಸವನ್ನು ಅನುಮತಿ ಪಡೆದ ಶೂಟಿಂಗ್ ರೇಂಜಿನಲ್ಲಿ ಮಾತ್ರ ಮಾಡತಕ್ಕದ್ದು. ಪಾಯಿಂಟ್ ಟೂ ಟೂ ಸಣ್ಣ ಗುಂಡು, ಅದರಿಂದೇನಾದೀತು ಎಂಬ ಉದಾಸೀನವನ್ನು ನಾನು ಹಲವು ಕಡೆ ಕಂಡಿದ್ದೇನೆ, ಮತ್ತು ಅದು ನನಗೆ ನಿಜವಾಗಿಯೂ ಆತಂಕ ತರುತ್ತದೆ. ಈ ಗುಂಡು ಒಂದೂವರೆ ಕಿಲೋಮೀಟರಿಗೂ ಹೆಚ್ಚು ದೂರ ಹೋಗಬಲ್ಲದು. ಮೆತ್ತನೆಯ ಸೀಸ ಮತ್ತು ಕಡಿಮೆ ವೇಗದ ಕಾರಣದಿಂದ ಅದು ಕಲ್ಲು, ಗಟ್ಟಿ ನೆಲ, ಕೆರೆಯ ನೀರು ಇವುಗಳಿಗೆ ಓರೆಯಾಗಿ ತಾಗಿದಾಗ ಒಳಹೋಗದೆ ಚಿಮ್ಮಿ ಬೇರೆ ದಿಕ್ಕಿಗೆ ಹಾರುತ್ತದೆ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಗಿಡಗಳ ಮರೆಯಲ್ಲಿ ಆಳುಗಳು ಎಲ್ಲೆಲ್ಲಿದ್ದಾರೆ ಎಂಬುದು ತೋಟದ ಮಾಲೀಕರಿಗೇ ಗೊತ್ತಿರುವುದಿಲ್ಲ. ಗುರಿಯ ಹಿಂದೆ ಕಲ್ಲಿಲ್ಲದ ಮಣ್ಣಿನ ಎತ್ತರವಾದ ದಿಣ್ಣೆ ಇರಬೇಕು, ಉದ್ದಕ್ಕೂ ದೃಷ್ಟಿ ತೆರವಾಗಿರಬೇಕು, ಮಂಜು ಕವಿದು ದಿಣ್ಣೆ ಕಾಣದಾದರೆ ಅಂದಿನ ಅಭ್ಯಾಸವನ್ನು ನಿಲ್ಲಿಸಬೇಕು. ಕಿವಿಗೆ ರಕ್ಷಣೆ, ಕಣ್ಣಿಗೆ ಕನ್ನಡಕ, ಮುಗಿದ ಮೇಲೆ ಊಟಕ್ಕೆ ಮೊದಲು ಸೋಪು ಹಾಕಿ ಕೈ ತೊಳೆಯುವುದು, ಈ ಮೂರನ್ನೂ ಬಿಡಬಾರದು, ಸೀಸ ವಿಷ.

ತೋಟೆಯ ಆಯ್ಕೆ

ಈ ತೋಟೆಯಲ್ಲಿ ಸಿಡಿಮದ್ದು ಹಿತ್ತಾಳೆಯ ತಳದ ಅಂಚಿನೊಳಗೆ ಸುತ್ತಲೂ ಹರಡಿಕೊಂಡಿರುತ್ತದೆ; ಸೂಜಿ ಆ ಅಂಚನ್ನು ಜಜ್ಜಿದಾಗ ಮದ್ದು ಹೊತ್ತಿಕೊಳ್ಳುತ್ತದೆ. ಅಂಚಿನ ಸುತ್ತ ಅದು ಸಮನಾಗಿ ಹರಡದಿದ್ದರೆ ಒಂದೊಂದು ತೋಟೆ ಒಂದೊಂದು ವೇಗದಲ್ಲಿ ಹೊರಡುತ್ತದೆ. ದೊಡ್ಡ ರೈಫಲ್ಲಿನ ತೋಟೆಯನ್ನು ಮನೆಯಲ್ಲಿ ತುಂಬಿಕೊಳ್ಳುವವರಿದ್ದಾರೆ. ಇದನ್ನು ಹಾಗೆ ತುಂಬಿಕೊಳ್ಳಲು ಬರುವುದಿಲ್ಲ, ಕಾರ್ಖಾನೆ ಕೊಟ್ಟದ್ದನ್ನೇ ಆರಿಸಿಕೊಳ್ಳಬೇಕು. ಸೆಕೆಂಡಿಗೆ 10 ಮೀಟರಿನ ವೇಗವ್ಯತ್ಯಾಸವು 50 ಮೀಟರಿನಲ್ಲಿ ಒಂದು ಸೆಂಟಿಮೀಟರನ್ನೂ ಮುಟ್ಟುವುದಿಲ್ಲ, ಆದರೆ 200 ಮೀಟರಿನಲ್ಲಿ ಅದೇ ವ್ಯತ್ಯಾಸ ಗುಂಡನ್ನು ಹನ್ನೆರಡು ಹದಿಮೂರು ಸೆಂಟಿಮೀಟರ್ ಮೇಲೆ ಕೆಳಗೆ ಮಾಡುತ್ತದೆ. ದೂರದಲ್ಲಿ ಗುಂಡುಗಳು ಮೇಲೆ ಕೆಳಗೆ ಉದ್ದಕ್ಕೆ ಹರಡಿದ್ದರೆ ಉಸಿರನ್ನೂ ಬೆರಳನ್ನೂ ದೂರುವ ಮೊದಲು ತೋಟೆಯನ್ನು ಸಂಶಯಿಸಬೇಕು.

ವೇಗದ ತೋಟೆ ದೂರಕ್ಕೆ ಒಳ್ಳೆಯದೆಂಬ ನಂಬಿಕೆ ಎಲ್ಲೆಡೆ ಇದೆ. ಈ ಗುಂಡಿನ ಮಟ್ಟಿಗೆ ಅದು ಸರಿಯಲ್ಲ. ಸೆಕೆಂಡಿಗೆ 1,250 ಅಡಿಯ ಆಸುಪಾಸಿನಲ್ಲಿ ಹೊರಡುವ ಹೈ ವೆಲಾಸಿಟಿ ತೋಟೆಯ ಗುಂಡು ಶಬ್ದಕ್ಕಿಂತ ವೇಗವಾಗಿ ಹೊರಟು, 100 ಮೀಟರ್ ತಲುಪುವ ಮೊದಲೇ ಶಬ್ದದ ವೇಗಕ್ಕಿಂತ ಕೆಳಗಿಳಿಯುತ್ತದೆ. ಆ ಹಂತವನ್ನು ದಾಟುವಾಗ ಗುಂಡಿನ ಮೇಲಿನ ಗಾಳಿಯ ಒತ್ತಡ ಕದಡಿ ಅದು ತುಸು ಓಲಾಡುತ್ತದೆ. ಅಲ್ಲದೆ ಅದು ಬೇಗನೆ ವೇಗ ಕಳೆದುಕೊಳ್ಳುವುದರಿಂದ ಅಡ್ಡಗಾಳಿಗೆ ನಿಧಾನದ ಗುಂಡಿಗಿಂತ ಹೆಚ್ಚೇ ಸರಿಯುತ್ತದೆ. ಸೆಕೆಂಡಿಗೆ 1,050ರಿಂದ 1,080 ಅಡಿ ವೇಗದ, ಡಬ್ಬಿಯ ಮೇಲೆ ಸ್ಟ್ಯಾಂಡರ್ಡ್ ವೆಲಾಸಿಟಿ ಅಥವಾ ಮ್ಯಾಚ್ ಎಂದು ಬರೆದಿರುವ ತೋಟೆಯೇ ಈ ಕೆಲಸಕ್ಕೆ ತಕ್ಕದ್ದು. ಎಲಿ, ಲಪುವಾ, ಆರ್‌ಡಬ್ಲ್ಯೂಎಸ್, ಎಸ್‌ಕೆ ಇವು ಸ್ಪರ್ಧಾಳುಗಳು ನೆಚ್ಚುವ ಹೆಸರುಗಳು. ಬೆಲೆ ಹೆಚ್ಚಿದ್ದರೂ ವರ್ಷದ ಮಿತಿಯೊಳಗೆ ಹೊಡೆಯುವವರು ಅಗ್ಗದ ತೋಟೆಯಿಂದ ಕಲಿಯುವುದು ಕಡಿಮೆ, ಏಕೆಂದರೆ ತಪ್ಪು ತಮ್ಮದೋ ತೋಟೆಯದೋ ಎಂಬುದೇ ತಿಳಿಯುವುದಿಲ್ಲ.

ಎರಡು ಮೂರು ಬಗೆಯ ತೋಟೆಗಳನ್ನು ತಂದು, 50 ಮೀಟರಿನಲ್ಲಿ ಆಸರೆಯ ಮೇಲಿಟ್ಟು ಐದೈದು ಈಡಿನ ಗುಂಪುಗಳನ್ನು ಹೊಡೆದು ನೋಡಿ. ಒಂದು ಬಗೆಯಿಂದ ಇನ್ನೊಂದಕ್ಕೆ ಬದಲಿಸುವಾಗ ಮೊದಲ ಹತ್ತು ಹದಿನೈದು ಈಡುಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ಗುಂಡಿನ ಮೇಲಿನ ಮೇಣ ನಳಿಗೆಯೊಳಗೆ ಹೊಸದಾಗಿ ಕೂರಲು ಅಷ್ಟು ಬೇಕು. ಒಪ್ಪಿದ ತೋಟೆ ಸಿಕ್ಕಿದ ಮೇಲೆ ಡಬ್ಬಿಯ ಮೇಲಿನ ಲಾಟ್ ನಂಬರನ್ನು (ಒಟ್ಟಿಗೆ ತಯಾರಾದ ಕಂತಿನ ಸಂಖ್ಯೆಯನ್ನು) ಬರೆದುಕೊಂಡು, ಆ ವರ್ಷಕ್ಕೆ ಬೇಕಾದಷ್ಟನ್ನು ಅದೇ ಲಾಟಿನಿಂದ ಕೊಳ್ಳಲು ಪ್ರಯತ್ನಿಸಬೇಕು. ಕಂಪನಿ ಅದೇ, ಹೆಸರು ಅದೇ ಇದ್ದರೂ ಲಾಟ್ ಬೇರೆಯಾದರೆ ಫಲವೂ ಬೇರೆಯಾಗಬಹುದು.

ಸ್ಕೋಪು ಮತ್ತು ಜೀರೋ

ರೈಫಲ್ಲನ್ನು 50 ಮೀಟರಿಗೆ ಜೀರೋ ಮಾಡಿದ್ದರೆ, ಅಂದರೆ ಆ ದೂರದಲ್ಲಿ ಗುಂಡು ಗುರಿಯಿಟ್ಟಲ್ಲೇ ತಾಗುವಂತೆ ಸ್ಕೋಪನ್ನು (ರೈಫಲ್ಲಿನ ಮೇಲಿನ ದುರ್ಬೀನನ್ನು) ಹೊಂದಿಸಿದ್ದರೆ, ಸ್ಟ್ಯಾಂಡರ್ಡ್ ತೋಟೆಯ ಗುಂಡು 100 ಮೀಟರಿನಲ್ಲಿ 20 ಸೆಂಟಿಮೀಟರಿನಷ್ಟು, 200 ಮೀಟರಿನಲ್ಲಿ ಒಂದೂವರೆಯಿಂದ ಒಂದೂಮುಕ್ಕಾಲು ಮೀಟರಿನಷ್ಟು ಕೆಳಗೆ ಬೀಳುತ್ತದೆ. ಇಷ್ಟನ್ನು ಸ್ಕೋಪಿನ ಮೇಲಿನ ಗುಂಡಿ ತಿರುಗಿಸಿ ಸರಿದೂಗಿಸಬೇಕು. ಕೋನದ ಅಳತೆಯಾದ ಒಂದು ಮಿಲ್ ಎಂದರೆ 100 ಮೀಟರಿನಲ್ಲಿ 10 ಸೆಂಟಿಮೀಟರ್, ಅದರ ಹತ್ತನೇ ಒಂದು ಭಾಗದ ಕ್ಲಿಕ್ ಎಂದರೆ ಒಂದು ಸೆಂಟಿಮೀಟರ್. ದಶಮಾನದಲ್ಲಿ ಯೋಚಿಸುವ ನಮಗೆ ಮಿನಿಟಿನ (ಡಿಗ್ರಿಯ ಅರವತ್ತನೇ ಒಂದು ಭಾಗದ) ಅಳತೆಗಿಂತ ಈ ಲೆಕ್ಕವೇ ಸಲೀಸು. 200 ಮೀಟರಿಗೆ ಎಂಟು ಮಿಲ್‌ನಷ್ಟು ಏರಿಸಬೇಕಾಗುವುದರಿಂದ ಸಾಧಾರಣ ಸ್ಕೋಪಿನ ಗುಂಡಿ ನಡುವೆಯೇ ಮುಗಿದುಹೋಗಬಹುದು. ಮುಂದಕ್ಕೆ ತುಸು ಇಳಿಜಾರಾಗಿರುವ, 20 ಮಿನಿಟ್ ಓರೆಯ ಬೇಸನ್ನು (ಸ್ಕೋಪು ಕೂರಿಸುವ ಪಟ್ಟಿಯನ್ನು) ಹಾಕಿಸಿದರೆ ಆ ತೊಂದರೆ ತಪ್ಪುತ್ತದೆ. ಪ್ಯಾರಲಾಕ್ಸ್, ಅಂದರೆ ಕಣ್ಣು ಸರಿದಾಗ ಗೆರೆಯೂ ಸರಿದಂತೆ ಕಾಣುವ ದೋಷ, ಸರಿಪಡಿಸುವ ಗುಂಡಿ ಇರುವ ಸ್ಕೋಪನ್ನೇ ಕೊಳ್ಳಬೇಕು. ತಲೆಯನ್ನು ತುಸು ಆಡಿಸಿದಾಗ ಗುರಿಯ ಮೇಲೆ ಗೆರೆ ಜಾರದಂತೆ ಪ್ರತಿ ದೂರಕ್ಕೂ ಅದನ್ನು ಹೊಂದಿಸಿಕೊಳ್ಳಬೇಕು.

ಕ್ಲಿಕ್ಕುಗಳು ನಿಜ ಹೇಳುತ್ತವೆಯೇ ಎಂದು ಪರೀಕ್ಷಿಸುವುದು ಸುಲಭ. ಎತ್ತರದ ಕಾಗದದ ಮೇಲೆ ಮೇಸ್ತ್ರಿಗಳ ತೂಗುಗುಂಡು ಇಳಿಬಿಟ್ಟು ನೆಟ್ಟಗಿನ ಗೆರೆ ಎಳೆದು, 50 ಮೀಟರಿನಲ್ಲಿ ನಿಲ್ಲಿಸಿ, ಗೆರೆಯ ಬುಡಕ್ಕೆ ಗುರಿಯಿಟ್ಟು ಮೂರು ಈಡು ಹೊಡೆಯಿರಿ. ಗುರಿಯನ್ನು ಬದಲಿಸದೆ ಸ್ಕೋಪನ್ನು ಎಂಟು ಮಿಲ್ ಏರಿಸಿ ಮತ್ತೆ ಮೂರು ಹೊಡೆದರೆ, ಎರಡನೆಯ ಗುಂಪು 40 ಸೆಂಟಿಮೀಟರ್ ಮೇಲೆ, ಅದೇ ಗೆರೆಯ ಮೇಲೆ ಕೂರಬೇಕು. ಗೆರೆ ಬಿಟ್ಟು ಪಕ್ಕಕ್ಕೆ ಹೋಗಿದ್ದರೆ ಸ್ಕೋಪು ವಾಲಿದೆ ಎಂದರ್ಥ. ನಮ್ಮ ಕಡೆ ಈ ವಾಲುವಿಕೆಯನ್ನು ವಿಶೇಷವಾಗಿ ಗಮನಿಸಬೇಕು, ಏಕೆಂದರೆ ಹಿನ್ನೆಲೆಯಲ್ಲಿ ಗುಡ್ಡದ ಓರೆ ಇದ್ದಾಗ ಕಣ್ಣು ಅದನ್ನೇ ಮಟ್ಟವೆಂದು ಭಾವಿಸಿ ರೈಫಲ್ಲನ್ನು ತಿಳಿಯದಂತೆ ಓರೆ ಮಾಡಿಸುತ್ತದೆ. ಮೂರು ಡಿಗ್ರಿ ವಾಲಿದರೂ 200 ಮೀಟರಿನಲ್ಲಿ ಗುಂಡು ಹತ್ತು ಸೆಂಟಿಮೀಟರಿನ ಆಸುಪಾಸು ಪಕ್ಕಕ್ಕೆ ಹೋಗುತ್ತದೆ. ಸ್ಕೋಪಿನ ಕೊಳವೆಗೆ ಕಟ್ಟುವ ಚಿಕ್ಕ ರಸಮಟ್ಟಕ್ಕೆ ಹೆಚ್ಚು ಬೆಲೆಯಿಲ್ಲ, ಹಾಕಿಸಿಕೊಳ್ಳಿ.

ಮೊಬೈಲಿನ ಲೆಕ್ಕದ ಆ್ಯಪ್‌ಗಳನ್ನೂ ಡಬ್ಬಿಯ ಮೇಲಿನ ಪಟ್ಟಿಯನ್ನೂ ಆರಂಭಕ್ಕೆ ಮಾತ್ರ ನಂಬಬೇಕು. ಚಿಕ್ಕಮಗಳೂರು ಪಟ್ಟಣ ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಮೇಲಿದೆ. ಹಾಸನ ಅದಕ್ಕೆ ಸ್ವಲ್ಪ ಕೆಳಗೆ. ಈ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟಕ್ಕಿಂತ ಸುಮಾರು ನೂರಕ್ಕೆ ಒಂಬತ್ತರಷ್ಟು ಕಡಿಮೆ ಇರುವುದರಿಂದ, ಸಮುದ್ರಮಟ್ಟಕ್ಕೆಂದು ಮಾಡಿದ ಪಟ್ಟಿ ಹೇಳುವುದಕ್ಕಿಂತ ಗುಂಡು ತುಸು ಕಡಿಮೆ ಬೀಳುತ್ತದೆ. 50ರಿಂದ 25 ಮೀಟರಿಗೊಂದರಂತೆ ದೂರ ಹೆಚ್ಚಿಸುತ್ತ, ನಿಜವಾಗಿ ಬೇಕಾದ ಕ್ಲಿಕ್ಕುಗಳನ್ನು ಬರೆದುಕೊಂಡು ನಿಮ್ಮದೇ ಪಟ್ಟಿ ಮಾಡಿಕೊಳ್ಳುವುದೇ ಸರಿಯಾದ ದಾರಿ. ಚಳಿಗಾಲದ ಬೆಳಗಿನಲ್ಲಿ ಮಾಡಿದ ಪಟ್ಟಿ ಮಾರ್ಚ್ ಮಧ್ಯಾಹ್ನಕ್ಕೆ ತುಸು ತಪ್ಪುತ್ತದೆ, ಏಕೆಂದರೆ ತೋಟೆ ಬೆಚ್ಚಗಾದಂತೆ ಮದ್ದಿನ ವೇಗವೂ ಬದಲಾಗುತ್ತದೆ. ಅದಕ್ಕಾಗಿ ಪ್ರತಿ ಸಾಲಿನ ಪಕ್ಕದಲ್ಲಿ ಅಂದಿನ ಉಷ್ಣಾಂಶವನ್ನೂ ಬರೆಯಿರಿ, ಡಬ್ಬಿಯನ್ನು ಬಿಸಿಲಿಗಿಡಬೇಡಿ.

ಗಾಳಿ

ಉಳಿದುದೆಲ್ಲ ಒಮ್ಮೆ ಮಾಡಿ ಮುಗಿಸುವ ಕೆಲಸ. ಗಾಳಿಯನ್ನು ಮಾತ್ರ ಪ್ರತಿ ಈಡಿಗೂ ಹೊಸದಾಗಿ ಓದಬೇಕು. ಮುಖಕ್ಕೆ ತಿಳಿದೂ ತಿಳಿಯದಂತೆ ಬೀಸುವ, ಗಂಟೆಗೆ 7 ಕಿಲೋಮೀಟರಿನ ಅಡ್ಡಗಾಳಿ ಗುಂಡನ್ನು 100 ಮೀಟರಿನಲ್ಲಿ ನಾಲ್ಕೈದು ಸೆಂಟಿಮೀಟರ್, 200 ಮೀಟರಿನಲ್ಲಿ ಹದಿನಾರು ಹದಿನೇಳು ಸೆಂಟಿಮೀಟರ್ ತಳ್ಳುತ್ತದೆ. ದೂರ ಇಮ್ಮಡಿಯಾದರೆ ತಳ್ಳುವಿಕೆ ಹೆಚ್ಚುಕಡಿಮೆ ನಾಲ್ಮಡಿಯಾಗುತ್ತದೆ. ಗಾಳಿ ಓರೆಯಾಗಿ, ಅಂದರೆ 45 ಡಿಗ್ರಿಯಿಂದ ಬಂದರೆ ಅದರ ಮುಕ್ಕಾಲು ಪಾಲಿಗೆ ತುಸು ಕಡಿಮೆ ಎಂದು ಲೆಕ್ಕ ಹಾಕಬೇಕು.

ಗುಡ್ಡದ ಸೀಮೆಯ ಗಾಳಿಗೆ ತನ್ನದೇ ವೇಳಾಪಟ್ಟಿಯಿದೆ. ರಾತ್ರಿಯೆಲ್ಲ ತಂಪಾದ ಭಾರದ ಗಾಳಿ ಬೆಳಗಿನ ಜಾವ ಗುಡ್ಡದಿಂದ ಕಣಿವೆಗೆ ಮೆಲ್ಲನೆ ಇಳಿಯುತ್ತಿರುತ್ತದೆ. ಬಿಸಿಲೇರಿ ಇಳಿಜಾರು ಕಾದ ಮೇಲೆ ಅದೇ ಗಾಳಿ ಕಣಿವೆಯಿಂದ ಮೇಲಕ್ಕೆ ತಿರುಗುತ್ತದೆ. ಈ ಎರಡರ ನಡುವೆ, ಮಂಜು ಕರಗಿ ಬಿಸಿಲು ಇನ್ನೂ ಎಳೆಯದಾಗಿರುವಾಗ, ಸ್ವಲ್ಪ ಹೊತ್ತು ಗಾಳಿ ನಿಂತಂತಿರುತ್ತದೆ. ಜೀರೋ ಪರೀಕ್ಷೆ, ತೋಟೆಯ ಹೋಲಿಕೆ, ಹೊಸ ದೂರದ ಮೊದಲ ಅಳತೆ ಇವುಗಳನ್ನು ಆ ಹೊತ್ತಿಗೆ ಮೀಸಲಿಡಬೇಕು. ಗಾಳಿಯ ಪಾಠವನ್ನು ಆಮೇಲೆ, ಗಾಳಿ ಬೀಸುವಾಗಲೇ ಕಲಿಯಬೇಕು.

ಸ್ಪರ್ಧಾಳುಗಳು ಬಣ್ಣದ ಪಟ್ಟಿಗಳನ್ನು ಕಂಬಕ್ಕೆ ಕಟ್ಟುತ್ತಾರೆ. ರೇಂಜಿನ ಅಂಚಿನಲ್ಲಿ ಸಿಲ್ವರ್ ಓಕ್ ಸಾಲು ಇದ್ದರೆ ಅದೂ ಒಳ್ಳೆಯ ಸೂಚಕ. ಅದರ ಎಲೆಯ ಮೇಲ್ಮೈ ಕಡುಹಸಿರು, ಅಡಿಭಾಗ ಬೆಳ್ಳಿಯ ಬಿಳುಪು. ಗಾಳಿ ಎದ್ದಾಗ ಎಲೆಗಳು ಮಗುಚಿಕೊಂಡು ಮರದ ಒಂದು ಮಗ್ಗುಲು ಬೆಳ್ಳಗಾಗುತ್ತದೆ, ಆ ಬಿಳುಪು ಸಾಲಿನಲ್ಲಿ ಒಂದು ಮರದಿಂದ ಇನ್ನೊಂದಕ್ಕೆ ಸರಿದು ಬರುವುದನ್ನು ನೋಡುತ್ತ ಗಾಳಿಯ ಅಲೆ ಎಲ್ಲಿಗೆ ತಲುಪಿತೆಂದು ಹೇಳಬಹುದು. ಆದರೆ ಒಂದು ಎಚ್ಚರಿಕೆ: ಮರದ ತುದಿಯ ಗಾಳಿ ಗುಂಡಿನ ಎತ್ತರದ ಗಾಳಿಗಿಂತ ಯಾವಾಗಲೂ ಜೋರು. ಬೇಲಿಯ ಬದಿಯ ಹುಲ್ಲಿನ ತೆನೆಯನ್ನೂ ಅದರೊಡನೆ ಹೋಲಿಸಿ ನೋಡಬೇಕು. ನಿಮ್ಮ ಹತ್ತಿರದ ಗಾಳಿಗೆ ಹೆಚ್ಚು ತೂಕ ಕೊಡಿ, ಏಕೆಂದರೆ ಆರಂಭದಲ್ಲೇ ದಾರಿ ತಪ್ಪಿದ ಗುಂಡು ಆ ತಪ್ಪನ್ನು ಕೊನೆಯವರೆಗೂ ಹೊತ್ತೊಯ್ಯುತ್ತದೆ. ಫೆಬ್ರವರಿಯಿಂದಾಚೆಗೆ ನೆಲ ಕಾದಾಗ ಸ್ಕೋಪಿನಲ್ಲಿ ಕಾಣುವ ಬಿಸಿಗಾಳಿಯ ಅಲೆಗಳೂ ಉಪಯುಕ್ತ: ಅವು ಒಂದು ಬದಿಗೆ ಹರಿಯುತ್ತಿದ್ದರೆ ಅಡ್ಡಗಾಳಿ ಆ ಬದಿಗಿದೆ, ನೆಟ್ಟಗೆ ಮೇಲಕ್ಕೆ ಕುದಿಯುವಂತಿದ್ದರೆ ಗಾಳಿ ನಿಂತಿದೆ ಅಥವಾ ಹಿಂದು ಮುಂದಿನಿಂದಿದೆ.

ಒಂದೇ ಬಗೆಯ ಗಾಳಿಯನ್ನು ಆರಿಸಿಕೊಂಡು, ಅದು ಮರಳಿ ಬರುವವರೆಗೆ ಕಾದು ಹೊಡೆಯುವುದು ಆರಂಭಿಕರಿಗೆ ಅತ್ಯುತ್ತಮ ಕ್ರಮ. ಹೊಡೆಯುವ ಮೊದಲೇ ಗುಂಡು ಎಲ್ಲಿ ಬೀಳುತ್ತದೆಂದು ನಿಮ್ಮ ಊಹೆಯನ್ನು ಬರೆದು, ಆಮೇಲೆ ಬಿದ್ದ ಜಾಗವನ್ನು ಅದರ ಪಕ್ಕದಲ್ಲಿ ಗುರುತಿಸಿ. ಹೀಗೆ ಬರೆದ ಇಪ್ಪತ್ತು ಈಡುಗಳು ಬರೆಯದ ಇನ್ನೂರಕ್ಕಿಂತ ಹೆಚ್ಚು ಕಲಿಸುತ್ತವೆ.

ದೇಹ ಮತ್ತು ಬೆರಳು

ಹೊಟ್ಟೆಯ ಮೇಲೆ ಮಲಗಿ, ಮುಂದೆ ಮರಳಿನ ಚೀಲ, ಹಿಂದೆ ಬಟ್ಟಿನ (ಭುಜಕ್ಕೆ ತಾಗುವ ಹಿಡಿಯ ತುದಿಯ) ಕೆಳಗೆ ಚಿಕ್ಕ ಚೀಲ ಇಟ್ಟು ಆರಂಭಿಸಿ. ಕಣ್ಣು ಮುಚ್ಚಿ ಒಮ್ಮೆ ಉಸಿರು ಬಿಟ್ಟು ತೆರೆದಾಗ ಗೆರೆ ಗುರಿಯ ಮೇಲೇ ಇರಬೇಕು. ಇಲ್ಲದಿದ್ದರೆ ಕೈಯಿಂದ ಎಳೆಯದೆ ಇಡೀ ದೇಹವನ್ನು ಸರಿಸಿಕೊಳ್ಳಬೇಕು. ಟ್ರಿಗರ್ ಎಳೆದ ಮೇಲೂ ಒಂದು ಕ್ಷಣ ಹಾಗೆಯೇ ಹಿಡಿದಿರಬೇಕು, ಏಕೆಂದರೆ ಈ ನಿಧಾನದ ಗುಂಡು ನಳಿಗೆಯಲ್ಲಿ ಇರುವಷ್ಟು ಹೊತ್ತೂ ನಿಮ್ಮ ಅಲುಗಾಟ ಅದಕ್ಕೆ ತಾಗುತ್ತದೆ. ಮನೆಯಲ್ಲಿ ಖಾಲಿ ಟ್ರಿಗರ್ ಅಭ್ಯಾಸ ಮಾಡುವವರು ನಕಲಿ ತೋಟೆ ಹಾಕಿಕೊಳ್ಳಬೇಕು. ಖಾಲಿ ಗೂಡಿನಲ್ಲಿ ಸೂಜಿ ನಳಿಗೆಯ ಅಂಚಿಗೇ ಬಡಿದು ಎರಡನ್ನೂ ಕೆಡಿಸುವ ರೈಫಲ್ಲುಗಳಿವೆ.

ಮಳೆಗಾಲ

ಜೂನ್‌ನಿಂದ ಸೆಪ್ಟೆಂಬರಿನವರೆಗೆ ಮಲೆನಾಡಿನಲ್ಲಿ ರೈಫಲ್ಲಿನ ಶತ್ರು ತೇವ. ಚರ್ಮದ ಚೀಲದಲ್ಲಿಟ್ಟರೆ ತೇವ ಅದರೊಳಗೇ ನಿಂತು ನಳಿಗೆ ತುಕ್ಕು ಹಿಡಿಯುತ್ತದೆ. ಹೊರಗೆ ತೆಳುವಾಗಿ ಎಣ್ಣೆ ಸವರಿ, ಬೀಗ ಹಾಕಿದ ಉಕ್ಕಿನ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಜೊತೆ ಇಟ್ಟು, ಜೆಲ್ಲಿನ ಬಣ್ಣ ಬದಲಾದಾಗ ಕಾಯಿಸಿ ಮತ್ತೆ ಇಡಬೇಕು. ಸ್ಕೋಪಿನ ಗಾಜಿಗೆ ಬೂಷ್ಟು ಹಿಡಿದರೆ ಹೋಗುವುದು ಕಷ್ಟ. ಅದನ್ನು ಪ್ರತ್ಯೇಕ ಗಾಳಿಯಾಡದ ಡಬ್ಬಿಯಲ್ಲಿ ಇಡುವುದು ಮೇಲು. ಮರದ ಹಿಡಿ ತೇವ ಕುಡಿದು ಉಬ್ಬಿ ನಳಿಗೆಗೆ ಒತ್ತಿಕೊಂಡರೆ ಜೀರೋ ಸರಿಯುತ್ತದೆ, ಆದ್ದರಿಂದ ನಳಿಗೆಗೂ ಹಿಡಿಗೂ ನಡುವೆ ಕಾಗದದ ಚೂರೊಂದು ಸರಾಗವಾಗಿ ಓಡುತ್ತದೆಯೇ ಎಂದು ಮಳೆ ಮುಗಿದ ಮೇಲೆ ನೋಡಬೇಕು. ನಳಿಗೆಯನ್ನು ಹಿಂಬದಿಯಿಂದಲೇ, ಒರೆಸುವ ಸರಳನ್ನು ನೇರವಾಗಿ ಹಿಡಿಯುವ ಗೈಡ್ ಹಾಕಿ ಒರೆಸಬೇಕು. ಮುಂದಿನ ಬಾಯಿಯ ಅಂಚು ಸವೆದರೆ ಗುಂಡಿನ ದಾರಿಯೇ ಕೆಡುತ್ತದೆ. ಅಭ್ಯಾಸ ಮತ್ತೆ ಆರಂಭಿಸುವ ದಿನ ಎಣ್ಣೆಯನ್ನು ಪೂರ್ತಿ ಒರೆಸಿ, ಸ್ಕ್ರೂಗಳ ಬಿಗಿ ನೋಡಿ, 50 ಮೀಟರಿನಲ್ಲಿ ಜೀರೋ ಪರೀಕ್ಷಿಸಿದ ನಂತರವೇ ಹಳೆಯ ಪಟ್ಟಿಯನ್ನು ತೆರೆಯಬೇಕು.