ನೀರು ಚೆಲ್ಲಿದರೆ ಸಾಲದು, ಡ್ರಮ್ಮಿನ ಒಳಮೈ ಉಜ್ಜಿ

ಹೋದ ಮಳೆಗಾಲದಲ್ಲಿ ಡೆಂಗಿ ಸೊಳ್ಳೆ ಹುಡುಕುತ್ತಾ ನಮ್ಮ ಮನೆಗೆ ಆಶಾ ಕಾರ್ಯಕರ್ತೆ ಬಂದಿದ್ದರು. ಹಿಂದಿನ ದಿನವಷ್ಟೇ ಡ್ರಮ್ಮಿನ ನೀರೆಲ್ಲ ಚೆಲ್ಲಿ ಹೊಸ ನೀರು ತುಂಬಿಸಿದ್ದೆ, ಹಾಗಾಗಿ ಜಂಬದಿಂದಲೇ ತೋರಿಸಿದೆ. ಅವರು ಟಾರ್ಚ್ ಬಿಟ್ಟರು. ನೀರಿನ ಅಂಚಿಗಿಂತ ಸ್ವಲ್ಪ ಮೇಲೆ ಉಗುರಿನಿಂದ ಕೆರೆದು ಬೆರಳು ತೋರಿಸಿದರು. ಮೆಣಸಿನ ಪುಡಿ ಅಂಟಿದ ಹಾಗೆ ಕಪ್ಪು ಚುಕ್ಕಿಗಳು. "ನೀರು ಚೆಲ್ಲಿದ್ರಿ ಅಕ್ಕ, ಮೊಟ್ಟೆ ಹಾಗೇ ಇಟ್ಕೊಂಡಿದೀರಲ್ಲ!"

ಡೆಂಗಿ ತಡೆಯಲು ಹೊರಟವರು ಎಡವುವುದು ಇಲ್ಲೇ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆ ಇಡುವುದು ನೀರಿನ ಮೇಲಲ್ಲ, ನೀರಿಗೆ ತಾಗಿದ ಒದ್ದೆ ಗೋಡೆಗೆ. ಅವು ಗೋಂದು ಹಚ್ಚಿದ ಹಾಗೆ ಅಂಟಿರುತ್ತವೆ. ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ, ಮತ್ತೆ ನೀರು ಮುಟ್ಟಿದ ಕೂಡಲೇ ಮರಿ ಬರುತ್ತದೆ. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಏಳೆಂಟು ದಿನ ಸಾಕು. ಅದಕ್ಕೇ ಚೆಲ್ಲಿ ಉಜ್ಜುವ ಈ ಕೆಲಸ ವಾರಕ್ಕೊಮ್ಮೆ, ತಪ್ಪದೆ. ನಮ್ಮಲ್ಲಿ ಭಾನುವಾರ ಬೆಳಿಗ್ಗೆ, ತಿಂಡಿಗೂ ಮೊದಲು.

ಮೊದಲಿಗೆ ಸುಲಭದ್ದು: ಹಳೇ ಟೈರು, ತೆಂಗಿನ ಚಿಪ್ಪು, ಹೂಕುಂಡದ ತಟ್ಟೆ, ಫ್ರಿಜ್ ಹಿಂದಿನ ಟ್ರೇ, ಮನಿಪ್ಲಾಂಟ್ ಬಾಟಲಿ. ಚೆಲ್ಲಿ, ಒರೆಸಿ, ಬೇಡದ್ದನ್ನು ಎಸೆಯಿರಿ. ಮುಗೀತು.

ಇನ್ನು ಡ್ರಮ್ಮು, ಸಿಮೆಂಟ್ ತೊಟ್ಟಿ. ಹಿಂದಿನ ದಿನವೇ ನೀರು ಬಳಸಿ ಕಡಿಮೆ ಮಾಡಿಕೊಳ್ಳಿ, ಸುಮ್ನೆ ನೀರು ಹಾಳು ಮಾಡುವುದೇಕೆ? ಬಟ್ಟೆ ಸೋಪಿನ ಪುಡಿಗೆ ಸ್ವಲ್ಪ ಬ್ಲೀಚ್ ಕಲಸಿ, ಹಳೇ ಬಟ್ಟೆಯಿಂದ ಒಳಮೈಗೆ ಸುತ್ತಲೂ ಬಳಿಯಿರಿ. ನೀರಿನ ಗೆರೆ ಎಲ್ಲಿತ್ತೋ ಅಲ್ಲಿಂದ ಒಂದು ಗೇಣು ಮೇಲಿನವರೆಗೆ ಜಾಸ್ತಿ ಗಮನ ಕೊಡಿ. ಹತ್ತು ನಿಮಿಷ ಬಿಡಿ, ಕಾಫಿ ಕುಡಿದು ಬನ್ನಿ. ಆಮೇಲೆ ಗಟ್ಟಿ ಬ್ರಷ್ಷಿನಿಂದಲೋ ತೆಂಗಿನ ನಾರಿನಿಂದಲೋ ತೋಳು ನೋಯುವಷ್ಟು ಉಜ್ಜಿ, ಅದರಲ್ಲೂ ಸಿಮೆಂಟ್ ತೊಟ್ಟಿಯ ಒರಟು ಮೂಲೆಗಳನ್ನು ಬಿಡಬೇಡಿ, ಸೊಳ್ಳೆಗೆ ನಯವಾದ ಜಾಗಕ್ಕಿಂತ ಒರಟು ಜಾಗವೇ ಇಷ್ಟ. ಸ್ಪಂಜು ಬೇಡ, ಅದು ಮೊಟ್ಟೆಯ ಮೇಲೆ ಜಾರಿಕೊಂಡು ಹೋಗುತ್ತದೆ ಅಷ್ಟೆ. ಹಾಂ, ಬ್ಲೀಚ್ ಜೊತೆ ಟಾಯ್ಲೆಟ್ ಆಸಿಡ್ ಮಾತ್ರ ಯಾವತ್ತೂ ಸೇರಿಸಬೇಡಿ, ವಿಷದ ಗಾಳಿ ಏಳುತ್ತದೆ. ಎರಡು ಸಲ ಚೆನ್ನಾಗಿ ತೊಳೆದು, ಆ ನೀರನ್ನು ಮೋರಿಗಲ್ಲ, ಬಿಸಿಲಿರುವ ಒಣ ಮಣ್ಣಿಗೆ ಚೆಲ್ಲಿ.

ತುಂಬಿಸಿದ ಮೇಲೆ ಮುಚ್ಚಬೇಕು. ಸೀಳಿದ ಮುಚ್ಚಳಕ್ಕಿಂತ ಹಳೇ ಪಂಚೆ ವಾಸಿ. ಸೈಕಲ್ ಟ್ಯೂಬಿನಿಂದ ಬಿಗಿಯಾಗಿ ಕಟ್ಟಿ. ಬಟ್ಟೆ ಜೋತು ಬಿದ್ದು ನೀರಿಗೆ ತಾಗಿದರೆ ಆ ಒದ್ದೆ ಬಟ್ಟೆಗೇ ಮೊಟ್ಟೆ ಇಡುತ್ತದೆ, ನೆನಪಿರಲಿ.

ಸಂಪ್ ವಾರ ವಾರ ಖಾಲಿ ಮಾಡಲಾಗದು, ನಿಜ. ಮುಚ್ಚಳದ ಸಂದಿ ಮುಚ್ಚಿ, ಗಾಳಿ ಪೈಪಿಗೆ ಸೊಳ್ಳೆಪರದೆಯ ತುಂಡು ಕಟ್ಟಿ. ಬಳಸದ ತೊಟ್ಟಿಯಿದ್ದರೆ ಆರೋಗ್ಯ ಕೇಂದ್ರದಲ್ಲಿ ಸೊಳ್ಳೆ ಮರಿ ತಿನ್ನುವ ಗಪ್ಪಿ ಮೀನು ಕೇಳಿ, ಆದರೆ ಅದನ್ನು ಕೆರೆಗೆ ಬಿಡಬೇಡಿ.

"ಹೊಗೆ ಹೊಡೆಸಿದರೆ ಆಯ್ತಲ್ವಾ?" ಅಂತ ಕೇಳುವವರಿಗೆ: ಫಾಗಿಂಗ್ ಸಾಯಿಸುವುದು ಹಾರುತ್ತಿರುವ ಸೊಳ್ಳೆಯನ್ನು ಮಾತ್ರ, ಮೊಟ್ಟೆಗೆ ಏನೂ ಆಗುವುದಿಲ್ಲ. ಮೋರಿಗೆ ಸೀಮೆಎಣ್ಣೆ ಸುರಿಯುವುದೂ ದಂಡ, ಅಲ್ಲಿರುವುದು ಬೇರೆ ಸೊಳ್ಳೆ. ಡೆಂಗಿಯದ್ದು ಮನೆಯ ತಿಳಿನೀರಿನಲ್ಲಿ ಹುಟ್ಟಿ ಹಗಲಲ್ಲಿ ಕಚ್ಚುವ ಜಾತಿ, ಹಾಗಾಗಿ ಮಧ್ಯಾಹ್ನ ಮಲಗುವ ಮಗುವಿಗೂ ಪರದೆ ಕಟ್ಟಿ. ಕೈಗೆ ಕಟ್ಟುವ ಸೊಳ್ಳೆ ಬ್ಯಾಂಡು, ಸದ್ದು ಮಾಡಿ ಓಡಿಸುವ ಯಂತ್ರ ಎರಡನ್ನೂ ದುಡ್ಡು ಕೊಟ್ಟು ತಂದು ನೋಡಿದ್ದೇನೆ. ಆ ದುಡ್ಡಿಗೆ ಒಳ್ಳೇ ಬ್ರಷ್ ತನ್ನಿ. ಅಂದ ಹಾಗೆ 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಗಳಿಗೆ ಪಟ್ಟಣದಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ ದಂಡ ಇಟ್ಟಿತು.

ಗುರುವಾರದ ಹೊತ್ತಿಗೆ ಒಮ್ಮೆ ಟಾರ್ಚ್ ಹಿಡಿದು ನೋಡಿ. ಮರಿಗಳಿದ್ದರೆ ಬೆಳಕು ಬಿದ್ದ ಕೂಡಲೇ ಬಳುಕುತ್ತಾ ತಳಕ್ಕೆ ಓಡುತ್ತವೆ. ಒಂದೇ ಒಂದು ಕಂಡರೂ ಮತ್ತೆ ಖಾಲಿ ಮಾಡಿ, ಮತ್ತೆ ಉಜ್ಜಿ. ನಮ್ಮ ಮನೆಯಲ್ಲಿ ಎರಡು ಸಲ ಹೀಗಾಯಿತು. ಎರಡು ಸಲವೂ ನಾನು ಉಜ್ಜದೆ ಬಿಟ್ಟಿದ್ದು ಡ್ರಮ್ಮಿನ ಮುಚ್ಚಳದ ಒಳ ಅಂಚನ್ನು.